ಟ್ಯಾಂಕರಿಗೆ ಒಡೆದ ಕಾಯಿ

ನರಸಕ್ಕ ಬಂದಿದ್ದು ಬಸುರಿ ಮಗಳನ್ನು ನೋಡಲು. ಅವಳ ಅವ್ವ ಜುಂಜಮ್ಮ ಮೊದಲು ತೋರಿಸಿದ್ದು ನೀರನ್ನು.

ಚೀಲ ಇಳಿಸುವುದಕ್ಕೂ ಬಿಡಲಿಲ್ಲ ಮುದುಕಿ. ಕೈ ಹಿಡಿದು ಗುಡಿಸಲೊಳಗೆ ಎಳೆದುಕೊಂಡು ಹೋದಳು. ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳು.

"ನೋಡಿಲ್ಲಿ. ಒಂದೀಟರ ಕೆಂಪು ಐತೇನು ನೋಡು. ನಮ್ಮ ಗಂಗವ್ವ ಕೆಂಪು ಸೀರಿ ಬಿಚ್ಚೊಗದು ನೀಲಿ ಸೀರಿ ಉಟ್ಕಂಡಾಳ."

ಜಲ್ಲಡಿ ಕ್ಯಾಂಪಿನಲ್ಲಿ ನೀರು ಹೇಗಿದೆಯೆಂದು ಯಾರೂ ನೀರನ್ನು ನೋಡಿ ಹೇಳುವುದಿಲ್ಲ. ಸೋಸಿದ ಬಟ್ಟೆಯನ್ನು ನೋಡಿ ಹೇಳುತ್ತಾರೆ. ಗುಡ್ಡ ಬಗೆದು ಕಬ್ಬಿಣದ ಅದಿರನ್ನು ಲಾರಿಗಟ್ಟಲೆ ಸಾಗಿಸುತ್ತಿದ್ದ ಕಾಲದಲ್ಲಿ ಬಿದ್ದ ರೂಢಿ ಅದು. ಹಳೆಯ ಪಂಚೆಯ ತುಂಡನ್ನು ಕೊಡದ ಬಾಯಿಗೆ ಕಟ್ಟುವುದು, ನೀರು ಸುರಿಯುವುದು, ಮೇಲೆ ನಿಂತ ಕೆಂಪು ಕೆಸರನ್ನು ಹಿಂಡಿ ಒಗೆದು ಮತ್ತೆ ಕಟ್ಟುವುದು. ಎಷ್ಟು ಸೋಸಿದರೂ ಕೆಂಪು ಹೋಗುತ್ತಿರಲಿಲ್ಲ. ಅಲ್ಲಿ ಹುಟ್ಟಿದ ಮಕ್ಕಳ ಹಲ್ಲೂ ಕೆಂಪು, ಸತ್ತವರ ಬಾಯಿಗೆ ಬಿಟ್ಟ ನೀರೂ ಕೆಂಪು.

ಡಿ. ಹಿರೇಹಾಳಿನಿಂದಾಚೆ, ಗುಡ್ಡಗಳ ನಡುವಿನ ಕಣಿವೆಯಲ್ಲಿ ಆ ಕ್ಯಾಂಪು ಇದೆ. ಅದಿರಿಗೆ ಜಲ್ಲಡೆ ಹಿಡಿಯಲು ನಾಲ್ಕೂ ಕಡೆಯಿಂದ ಬಂದ ಮಾದಿಗರ ಜನ ಕಟ್ಟಿಕೊಂಡ ಗುಡಿಸಲುಗಳು. ಗಣಿ ನಿಂತಿತು. ಲಾರಿ ಹೋದವು, ಮಷೀನು ಹೋದವು, ಮೇಸ್ತ್ರಿಗಳು ಹೋದರು. ಉಳಿದದ್ದು ಗುಂಡಿ ಮತ್ತು ಇವರು. ಗುಂಡಿಯಲ್ಲಿ ಮಳೆನೀರು ನಿಂತಿತು. ಅದೇ ಇವರಿಗೆ ಬಾವಿ, ಅದೇ ಕೆರೆ. ಗಣಿಯವರು ಗಡಿಕಲ್ಲನ್ನೂ ಕಿತ್ತು ಅದರಡಿಯ ಅದಿರನ್ನೂ ತಿಂದದ್ದರಿಂದ ಕ್ಯಾಂಪು ಯಾವ ರಾಜ್ಯದ್ದೆಂದು ಯಾರೂ ಹೇಳುತ್ತಿರಲಿಲ್ಲ. ಬಳ್ಳಾರಿಗೆ ಹೋಗಿ ಬೋರು ಕೇಳಿದರೆ "ನೀವು ಆಂಧ್ರದೋರು, ಅಲ್ಲಿ ಕೇಳ್ರಿ" ಅನ್ನುತ್ತಿದ್ದರು. ರಾಯದುರ್ಗಕ್ಕೆ ಹೋದರೆ "ಮೀರು ಕರ್ಣಾಟಕ ವಾಳ್ಳು" ಅನ್ನುತ್ತಿದ್ದರು. ಕೆಳಗಿನ ಊರಿನವರು ತಮ್ಮ ನಲ್ಲಿಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅವರಿಗೆ ರಾಜ್ಯದ ಕಾರಣ ಬೇಕಿರಲಿಲ್ಲ. ಜಾತಿ ಸಾಕಾಗಿತ್ತು.

ನರಸಕ್ಕ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಮೂಗಿಗೆ ಹಿಡಿದಳು.

ಈ ವಾಸನೆ ಅವಳಿಗೆ ಗೊತ್ತು. ರಾಯದುರ್ಗದ ಗಾರ್ಮೆಂಟಿನಲ್ಲಿ ಅವಳು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾಳೆ. ಹೊಲಿದು ಬಿಸಾಡಿದ ಪ್ಯಾಂಟುಗಳ ರಾಶಿಯ ಮುಂದೆ ನೆಲದ ಮೇಲೆ ಕೂತು, ಒಂದೊಂದನ್ನೇ ತೊಡೆಯ ಮೇಲೆ ಎಳೆದುಕೊಂಡು, ಜೇಬು, ಸೊಂಟ, ಕಾಲು ತಿರುವಿ ಹಾಕಿ, ಇಣುಕುವ ದಾರಗಳನ್ನೆಲ್ಲ ಕತ್ತರಿಸುವುದು. ಬೆನ್ನು ಹಿಡಿದುಕೊಳ್ಳುತ್ತದೆ. ಎದ್ದರೆ ಸೂಪರ್‌ವೈಸರ್ ಬಾಲರಾಜು "ಉಚ್ಚಿಗೆ ಈಗಷ್ಟೇ ಹೋಗಿದ್ದೆಲ್ಲಾ" ಅನ್ನುತ್ತಾನೆ. ಸಂಜೆಗೆ ತೊಡೆ ನೀಲಿ, ಉಗುರು ನೀಲಿ, ಕ್ಯಾಕರಿಸಿ ಉಗುಳಿದರೆ ಉಗುಳೂ ನೀಲಿ. ಗಾರ್ಮೆಂಟಿನ ಹಿಂದಿನ ಶೆಡ್ಡಿನಲ್ಲಿ ಪ್ಯಾಂಟುಗಳನ್ನು ಔಷಧಿ ಹಾಕಿ ತೊಳೆದು ಹಳತಾದಂತೆ ಮಾಡುತ್ತಾರೆ. ಹೊಸ ಬಟ್ಟೆಯನ್ನು ಹಳತು ಮಾಡಿ ಹೆಚ್ಚಿನ ಬೆಲೆಗೆ ಮಾರುವ ಲೋಕ ಅದು. ತೊಳೆದ ನೀರು ಮೊದಲು ಊರ ಚರಂಡಿಗೆ ಹೋಗುತ್ತಿತ್ತು. ಊರಿನವರು ಗಲಾಟೆ ಮಾಡಿದರು. ಆಮೇಲೆ ಟ್ಯಾಂಕರಿಗೆ ತುಂಬಿಸತೊಡಗಿದರು. "ಎಲ್ಲಿಗೆ ಹೋಗ್ತತಿ ಸಾರ್ ಈ ನೀರು?" ಎಂದು ನರಸಕ್ಕ ಒಂದು ಸಲ ಕೇಳಿದ್ದಳು. "ಶುದ್ಧ ಮಾಡೋ ಕಡೆ" ಅಂದಿದ್ದ ಬಾಲರಾಜು.

"ಯವ್ವಾ, ಇದು ಯಾವಾಗಿಂದ ಹಿಂಗಾಗೈತಿ?"

"ಟ್ಯಾಂಕರ್ ಬರಾಕ ಹತ್ತಿದಾಗಿಂದ," ಅಂದಳು ಜುಂಜಮ್ಮ, ಮುಖ ತುಂಬ ನಗುತ್ತ. "ಯುಗಾದಿ ಆದಮ್ಯಾಲಿಂದ. ಕೆಳಗಿನ ಊರಿಗೆ ಓಟು ಕೇಳಾಕ ಬಂದೋರ ಕಾಲಿಗೆ ಬಿದ್ದು ಅತ್ತಿದ್ವಲ್ಲ, ಟ್ಯಾಂಕರಿನಾಗರ ನೀರು ಕಳಸ್ರಿ ಅಂತ? ಕೊಟ್ಟ ಮಾತು ಉಳಿಸ್ಕಂಡಾರ ನೋಡು. ದಿನಾ ಬಂದು ಗುಂಡಿಗೆ ಬಿಟ್ಟು ಹೋಗ್ತಾರ. ಔಷಧಿ ಹಾಕಿ ಕಳಸ್ತಾರಂತ, ಅದಕ್ಕ ವಾಸನಿ. ಮೊದಲ್ನೇ ದಿನ ನಾನೇ ಕಾಯಿ ಒಡದೆ. ಕಣಗಿಲಿ ಹೂವಿನ ಹಾರ ಮಾಡಿ ಗಾಡಿಗೊಂದು, ಡ್ರೈವರ್ಗೊಂದು. ಹಾರ ಹಾಕಿದ್ರ ಆ ಹುಡುಗ ನಾಚಿ ನೀರಾದ."

ಔಷಧಿ ಹಾಕಿ ಕಳಿಸುತ್ತಾರೆಂದು ಇವರಿಗೆ ಯಾರೂ ಹೇಳಿರಲಿಲ್ಲ. ತಾವೇ ಅಂದುಕೊಂಡಿದ್ದರು. ವರ್ಷಗಟ್ಟಲೆ ಟ್ಯಾಂಕರಿನ ದಾರಿ ಕಾಯ್ದ ಜನ. ಟ್ಯಾಂಕರ್ ಬಂತು. ಅದರಲ್ಲಿ ನೀರಲ್ಲದೆ ಬೇರೆ ಏನಾದರೂ ಇರುತ್ತದೆಂದು ಅವರು ಹೇಗೆ ಯೋಚಿಸಬೇಕು?

ಮೂಲೆಯಲ್ಲಿ ರಾಧಾ ಮಲಗಿದ್ದಳು. ಏಳು ತಿಂಗಳ ಹೊಟ್ಟೆ. ಮೊಣಕೈ ಒಳಗೆ ಕೆರೆದು ಕೆರೆದು ಗಾಯ. ಕೆನ್ನೆಯ ಮೂಳೆ ಎದ್ದು ಕಂಡವು. ಕಲ್ಯಾಣದುರ್ಗದ ಕಡೆ ಕೊಟ್ಟ ಮಗಳು ಅವಳು. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ. ಚೊಚ್ಚಲ ಬಾಣಂತನ ತಾಯಿಮನೆಯಲ್ಲೇ ಆಗಬೇಕು. ನರಸಕ್ಕನ ಮನೆಯೆಂದರೆ ಗಾರ್ಮೆಂಟಿನ ಪಕ್ಕದ ತಗಡಿನ ಶೆಡ್ಡು, ಹತ್ತಾರು ಹೆಂಗಸರು ಸಾಲಾಗಿ ಮಲಗುವ ಜಾಗ. "ಅಲ್ಲಿ ಬಟ್ಟಿ ಧೂಳು. ಅಜ್ಜಿ ಹತ್ರ ಇರು, ಗಾಳಿ ಚೊಲೊ ಐತಿ" ಎಂದು ಯುಗಾದಿಗೆ ಮೊದಲೇ ತಾನೇ ತಂದು ಬಿಟ್ಟಿದ್ದಳು.

"ವಾಂತಿ ನಿಂತಿಲ್ಲೇನು ಮಗಾ?"

"ಇಲ್ಲಬೇ. ಅಜ್ಜಿ ಅಂತಾಳ, ಗಂಡು ಕೂಸಿದ್ರ ಹಂಗಾ ಅಂತ."

"ಕೂಸು ಮಿಸುಕಾಡ್ತತೇನು?"

ರಾಧಾ ಹೊಟ್ಟೆಯ ಮೇಲೆ ಕೈಯಾಡಿಸಿದಳು. "ಮೊದ್ಲು ಭಾಳ ಒದಿತಿತ್ತು. ಈಗ ಕಮ್ಮಿ ಆಗೈತಿ."

ನರಸಕ್ಕ ಎದ್ದು ಕೊಡ ಎತ್ತಿದಳು. ಜುಂಜಮ್ಮ ಓಡಿ ಬಂದು ಅವಳ ರಟ್ಟೆ ಹಿಡಿದಳು.

"ಎಲ್ಲಿಗೆ ಒಯ್ತಿ?"

"ಚೆಲ್ಲಾಕ."

"ತಲಿ ಕೆಟ್ಟೈತೇನು ನಿನಗ? ಆ ಏರು ಹತ್ತಿ ತಂದ ನೀರು ಅದು. ನನ್ನ ಮಂಡಿ ಸವದು ಹೋಗೈತಿ."

"ಯವ್ವಾ, ಇದು ನೀರಲ್ಲ. ನಾನು ಕೆಲಸ ಮಾಡೋ ಕಡೆ ಪ್ಯಾಂಟು ತೊಳದ ರೊಚ್ಚು. ಊರಾಗ ಬಿಡಗೊಡ್ಲಿಲ್ಲ, ಅದಕ್ಕ ಇಲ್ಲಿ ತಂದು ಸುರಿತಾರ. ನಿಮಗಲ್ಲ ಅವರು ಕಳಸಿದ್ದು. ನೀವು ಇದ್ದೀರಿ ಅನ್ನಾದ ಅವರಿಗೆ ಗೊತ್ತಿಲ್ಲ."

ಮುದುಕಿಯ ಕೈ ಸಡಿಲಾಯಿತು. ಆದರೆ ಕೊಡವನ್ನು ಚೆಲ್ಲಗೊಡದೆ ಕಸಿದುಕೊಂಡಳು. ಮಗಳ ಮುಖವನ್ನೇ ನೋಡುತ್ತ, ಕೊಡವನ್ನು ಕಂಕುಳಿಗೆ ಒತ್ತಿಕೊಂಡು, ಗೋಡೆಗೆ ಒರಗಿ ಕೂತಳು. ಆಮೇಲೆ ಕೇಳಿದಳು, "ಕಾಯಿ ಒಡದಾಗ ಆ ಹುಡುಗ ಯಾಕ ಸುಮ್ನಿದ್ದ ಮತ್ತ?"

ಮಾತು ಗುಡಿಸಲಿನಿಂದ ಗುಡಿಸಲಿಗೆ ಹೋಯಿತು. ಬೇವಿನ ಮರದ ಕೆಳಗೆ ಜನ ಸೇರಿದರು. ಹೆಚ್ಚಿನವರು ಮುದುಕರು, ಹೆಂಗಸರು, ಮಕ್ಕಳು. ಗಟ್ಟಿ ಕೈಕಾಲಿನವರೆಲ್ಲ ದುಡಿಯಲು ಹೋಗಿದ್ದರು, ಬಳ್ಳಾರಿ ಕಡೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ, ಇಲ್ಲವೇ ಗಾರ್ಮೆಂಟಿಗೆ.

ಯರ್ರಪ್ಪನೆಂಬ ಮುದುಕ ನಾಲ್ಕು ಕುರಿ ಸಾಕಿಕೊಂಡಿದ್ದವನು. ಎರಡು ಸತ್ತಿದ್ದವು. ಏನೋ ಕೆಟ್ಟ ಸೊಪ್ಪು ತಿಂದಾವೆಂದು ಹೂತು ಬಂದಿದ್ದ. ಈಗ ಅವನು ನೆಲ ನೋಡುತ್ತ ಹೇಳಿದ, "ಮೂಸಿ ಮೂಸಿ ಹಿಂದಕ್ಕ ಸರದ್ವು. ಕುಡಿವೊಲ್ವು. ನಾನಾ ಕೊಳ್ಳು ಹಿಡದು ಬಾಯಿ ಅದ್ದಿ ಕುಡಿಸಿದೆ. ಕುರಿಗಿದ್ದ ಬುದ್ಧಿ ನನಗಿಲ್ಲದಂಗಾತು."

"ಈಗೇನು ಮಾಡಾಣ ಅಂತಿ?" ಕೊಟ್ರಮ್ಮ ಕೇಳಿದಳು. ಅವಳ ಮಗಳು ರೇವತಿಯೂ ಅದೇ ಗಾರ್ಮೆಂಟಿನಲ್ಲಿದ್ದಳು. ಕ್ಯಾಂಪಿನ ನಾಲ್ಕಾರು ಹುಡುಗಿಯರನ್ನು ಅಲ್ಲಿ ಸೇರಿಸಿದ್ದು ನರಸಕ್ಕನೇ.

"ಟ್ಯಾಂಕರ್ ನಿಲ್ಸಾಣ."

"ನಿಲ್ಸಿದ್ರ? ಮೊದಲ್ನೇದಾಗಿ ನಿನ್ನ ತೆಗಿತಾರ. ಎರಡ್ನೇದಾಗಿ ನನ್ನ ಮಗಳ್ನ ತೆಗಿತಾರ. ನಿಂತ ನೀರು ತಿರುಗಿ ಮಳಿನೀರು ಆಗ್ತತೇನು? ಕೆಟ್ಟಿದ್ದು ಕೆಟ್ಟೋತು. ಮಳಿ ಬರೋ ಮಟ ಎಲ್ಲೆರ ಬೇಡ್ಕಂಡು ಕುಡಿಯಾಣ. ಅನ್ನಕ್ಕ ಯಾಕ ಕಲ್ಲು ಹಾಕ್ಕಂತಿ?"

"ಎಲ್ಲಿ ಬೇಡ್ತಿ ಕೊಟ್ರಿ? ಕೆಳಗಿನ ಊರಾಗ?"

ಹಿಂದಿನ ಬೇಸಿಗೆಯಲ್ಲಿ ಆ ನಲ್ಲಿಯ ಹತ್ತಿರ ಹೋಗಿ ಕೊಡ ಒಡೆಸಿಕೊಂಡು ಬಂದವಳು ಕೊಟ್ರಮ್ಮನೇ. ಅವಳ ಸೆರಗು ಹಿಡಿದು ನಿಂತ ಮೊಮ್ಮಗನ ತುಟಿಯ ಸುತ್ತ ಹುಣ್ಣು ಎದ್ದಿದ್ದವು.

ಬಿಸಿಲು ವಾಲುವ ಹೊತ್ತಿಗೆ ಏರಿನ ಆ ಕಡೆ ಇಂಜಿನ್ನಿನ ಸದ್ದು ಕೇಳಿತು.

ಗುಂಡಿಗೆ ಇಳಿಯಲು ಇದ್ದದ್ದು ಒಂದೇ ದಾರಿ. ಲಾರಿಗಳು ಅದಿರು ಹೊತ್ತು ಹತ್ತುತ್ತಿದ್ದ ದಾರಿ ಅದು. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಪಾತಾಳ. ಒಂದು ಗಾಡಿಗೆ ಸರಿಯಾಗುವಷ್ಟೇ ಅಗಲ. ತಿರುಗಿಸಬೇಕಾದರೆ ಕೆಳಗೆ ನೀರಿನ ದಂಡೆಗೇ ಹೋಗಬೇಕು. ನರಸಕ್ಕ ಹೋಗಿ ಆ ದಾರಿಯ ಮಧ್ಯದಲ್ಲಿ ಕೂತಳು. ಕಾಲು ಚಾಚಿ, ಗಾರ್ಮೆಂಟಿನಲ್ಲಿ ಪ್ಯಾಂಟಿನ ರಾಶಿಯ ಮುಂದೆ ಕೂರುವಂತೆಯೇ ಕೂತಳು.

ಟ್ಯಾಂಕರ್ ಹತ್ತಿರ ಬಂದು ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ನಿಂತಿತು. ಡ್ರೈವರ್ ಮಾರೇಶ ತಲೆ ಹೊರಗೆ ಹಾಕಿದ. ಮಡಕಶಿರದ ಕಡೆಯ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ.

"ಏಯ್ ಎದ್ದೇಳಕ್ಕ, ಬ್ರೇಕ್ ಸರ್ಯಾಗಿಲ್ಲ ಇದ್ಕೆ." ಆಮೇಲೆ ಗುರುತು ಹಿಡಿದ. "ನರಸಕ್ಕ? ನೀನಿಲ್ಲೇನ್ ಮಾಡ್ತಿದೀಯ?"

"ನಮ್ಮವ್ವನ ಮನಿ ಇದು. ಅಲ್ಲೇ ನಿಂತಾಳ ನೋಡು, ನಿನಗ ಹಾರ ಹಾಕಿದಾಕಿ."

ಮಾರೇಶ ಇಂಜಿನ್ ಆಫ್ ಮಾಡಿದ. ಇಳಿದು ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಂಗೊತ್ತಿರ್ಲಿಲ್ಲ ಕಣಕ್ಕ, ನಿಮ್ಮೋರು ಅಂತ."

"ಯಾರೋ ಒಬ್ರ ಮನಿಯೋರು ಅಂತರ ಗೊತ್ತಿತ್ತಲ್ಲ. ಕಾಯಿ ಒಡದಾಗ ಒಂದು ಮಾತು ಹೇಳಬಾರ್ದಿತ್ತೇನು? ಅವ್ವಾ, ಇದು ಕುಡಿಯೋದಲ್ಲ ಅಂತ?"

"ಹೇಳಾಣ ಅಂತ್ಲೇ ಬಾಯಿ ತೆಗ್ದೆ. ಅಷ್ಟರಾಗೆ ಅಜ್ಜಿ ಹಾರ ಹಾಕ್ಬಿಡ್ತು. ಎಲ್ರೂ ನಗ್ತಿದ್ರು. ಹೆಂಗ್ ಹೇಳ್ಲಿ? ಆಮೇಲೆ ದಿನಾ ಹೇಳಾಣ ಅಂತ್ಲೇ ಬರ್ತಿದ್ದೆ, ದಿನಾ ಕಷ್ಟ ಆಗೋದು." ಅವನು ತಲೆ ತಗ್ಗಿಸಿದ. "ನಾನ್ ಬರೀ ಡ್ರೈವರ್ರು. ಎಲ್ಲಿ ಸುರಿ ಅಂದ್ರೆ ಅಲ್ಲಿ ಸುರಿಯೋನು."

"ಇವತ್ತು ಸುರಿಯಂಗಿಲ್ಲ."

"ವಾಪಸ್ ತಗಂಡೋದ್ರೆ ಬಾಲರಾಜಣ್ಣ ನನ್ ಚರ್ಮ ಸುಲೀತಾರೆ."

"ಹಂಗಾರ ಹಚ್ಚು ಫೋನು. ನಾನು ಮಾತಾಡ್ತೀನಿ."

ಮಾರೇಶ ಫೋನು ಹಚ್ಚಿದ. ಇಂಥ ಹೊಣೆ ತನ್ನ ಕಿವಿಗೇ ಬೇಡವೆಂಬಂತೆ ಸ್ಪೀಕರಿಗೆ ಹಾಕಿ ನರಸಕ್ಕನ ಕೈಗೆ ಕೊಟ್ಟ. ಕ್ಯಾಂಪಿನವರು ಹತ್ತಿರ ಬಂದು ಸುತ್ತ ನಿಂತರು. ರಾಧಾ ಕೂಡ ಗೋಡೆ ಹಿಡಿದು ಎದ್ದು ಬಂದು ಒಂದು ಬಂಡೆಯ ಮೇಲೆ ಕೂತಿದ್ದಳು.

"ಏಮಿರಾ ಮಾರೇಶ?" ಅಂದ ಬಾಲರಾಜು ಆ ಕಡೆಯಿಂದ.

"ನಾನು ನರಸಕ್ಕ ಸಾರ್."

"ಯಾರು? ನೀ ಅಲ್ಲೇನು ಮಾಡಾಕತ್ತಿ? ರಜಾ ಕೊಟ್ಟಿದ್ದು ಮಗಳ್ನ ನೋಡಾಕ. ಗಾಡಿ ನಿಲ್ಸಾಕಲ್ಲ."

"ಮಗಳ್ನ ನೋಡಾಕತ್ತೀನಿ ಸಾರ್. ಈ ನೀರು ಕುಡದು ಬಿದ್ದಾಳ. ಏಳು ತಿಂಗ್ಳ ಬಸುರಿ."

"ಆ ನೀರು ಕುಡಿ ಅಂದೋರ್ಯಾರು? ಅದು ಬಿಟ್ಟ ಗುಂಡಿ. ಆಫೀಸಿನಾಗ ಕೇಳ್ಕಂಡಾ ಬಿಡಾಕತ್ತೀವಿ. ರಿಕಾರ್ಡಿನಾಗ ಅಲ್ಲಿ ಒಂದು ಮನಿ ಇಲ್ಲ, ಒಂದು ನರಪಿಳ್ಳಿ ಇಲ್ಲ."

"ಹಂಗಾರ ನಿಮ್ಮ ಕೂಟ ಈಗ ಮಾತಾಡೋದು ಯಾರು ಸಾರ್?"

ಬಾಲರಾಜುವಿನ ದನಿ ಬದಲಾಯಿತು. ಹೆಂಗಸರನ್ನು ಹೆಚ್ಚಿನ ಹೊತ್ತು ದುಡಿಸಬೇಕಾದಾಗ ಬರುತ್ತಿದ್ದ ದನಿ ಅದು.

"ನೋಡಕ್ಕಾ, ನೀ ನಮ್ಮಾಕಿ. ನಿನ್ನ ಮಗಳು ಅಂದ್ರ ನನ್ನ ಮಗಳಿದ್ದಂಗ. ನಾಳಿಂದ ಮಾರೇಶನ ಕೈಯಾಗ ಫಿಲ್ಟರ್ ನೀರಿನ ಕ್ಯಾನ್ ಕಳಸ್ತೀನಿ, ದಿನಾ. ಹೆರಿಗಿ ಹತ್ರ ಬಂದಾಗ ಇಲ್ಲಿ ಒಂದು ರೂಮು ನೋಡಾಣ, ಫ್ಯಾನಿಂದು. ದವಾಖಾನಿನೂ ಹತ್ರ. ನಿನಗ ಮಾತ್ರ ಇದು. ಅಲ್ಲಿರೋರಿಗೆಲ್ಲ ಹೇಳ್ಕಂತ ಹೋಗಬ್ಯಾಡ. ಸುಮ್ನ ಗಾಡಿ ಬಿಟ್ಟುಬಿಡು."

ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಹೂಂ ಅನ್ನು ಅಂತ ನರಸಕ್ಕನ ಹೊಟ್ಟೆ ಹೇಳಿತು. ಅವಳು ಮಗಳ ಕಡೆ ನೋಡಿದಳು. ರಾಧಾಳ ತುಟಿ ಒಣಗಿ ಸಿಪ್ಪೆ ಎದ್ದಿದ್ದವು. ಒಂದು ಕೈ ಹೊಟ್ಟೆಯ ಮೇಲಿತ್ತು. ಒಳಗಿನದು ಮಿಸುಕುತ್ತದೇನೋ ಎಂದು ಕಾಯುವ ಕೈ. ಫ್ಯಾನು, ದವಾಖಾನೆ, ಬೆಳ್ಳಗಿನ ನೀರು. ಒಂದು ಹೂಂಗೆ ಇಷ್ಟೆಲ್ಲ.

"ಹೂಂ ಅನ್ನು ನರಸಿ," ಅಂದಳು ಕೊಟ್ರಮ್ಮ ಮೆಲ್ಲಗೆ. "ನಾನಾಗಿದ್ರೂ ಅಂತಿದ್ದೆ. ಯಾರೂ ಏನೂ ಅನ್ನಂಗಿಲ್ಲ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ನರಸಕ್ಕನಿಗೆ ತಡೆಯಲಾಗಲಿಲ್ಲ. ಅವಳ ಸೆರಗು ಹಿಡಿದ ಹುಡುಗ ಹುಣ್ಣಿನ ಬಾಯಿ ಚಪ್ಪರಿಸುತ್ತ ಫೋನನ್ನೇ ನೋಡುತ್ತಿದ್ದ.

"ಸಾರ್," ಅಂದಳು ನರಸಕ್ಕ. ದನಿ ಬೇಡುವ ದನಿಯಾಗಿತ್ತು. "ಎಲ್ಲಾ ಗುಡಸ್ಲಿಗೂ ಒಂದೊಂದು ಕ್ಯಾನು ಕೊಡ್ರಿ. ಭಾಳ ಮನಿ ಇಲ್ಲ ಸಾರ್. ನಿಮ್ಮ ನೀರು ಬೇಕಾರ ಗುಂಡಿಗೆ ಬಿಡ್ಕಳ್ರಿ. ನಾನು ತುಟಿ ಬಿಚ್ಚಂಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

ಅಷ್ಟಕ್ಕೂ ಅವಳು ತಯಾರಾಗಿದ್ದಳು. ಗುಂಡಿ ಬಿಟ್ಟುಕೊಡಲೂ, ಬಾಯಿ ಮುಚ್ಚಿಕೊಳ್ಳಲೂ.

ಬಾಲರಾಜು ನಕ್ಕ. "ಇಲ್ಲದ ಮನಿಗಳಿಗೆ ಕ್ಯಾನು ಹೆಂಗ ಕಳಸ್ಲಕ್ಕ? ಧಣೇರಿಗೆ ಏನಂತ ಲೆಕ್ಕ ಹೇಳ್ಲಿ? ಇವತ್ತು ಕ್ಯಾನು ಅಂತಾರ, ನಾಳಿ ಬೋರು ಅಂತಾರ ನಿಮ್ಮ ಜನ. ನಿಂದೊಂದು ಹೇಳು."

ಅವನು ನಗದೇ ಇದ್ದಿದ್ದರೆ ಏನಾಗುತ್ತಿತ್ತೋ. ನರಸಕ್ಕನಿಗೆ ಆ ನಗು ಕಿವಿಯಿಂದ ಇಳಿದು ಎದೆಗೆ ಹೋಗಿ ಕೂತಿತು.

"ನಂಗೊಬ್ಬಾಕಿಗೆ ಬ್ಯಾಡ."

"ಏನು?"

"ಬ್ಯಾಡ ಅಂದೆ. ಕ್ಯಾನೂ ಬ್ಯಾಡ. ರೂಮೂ ಬ್ಯಾಡ. ಗಾಡಿ ಬಿಡಂಗಿಲ್ಲ."

"ನೆಟ್ಟಗ ಕೇಳ್ಕ. ನಾಳೆ ಗೇಟಿನೊಳಗ ಕಾಲಿಡಬ್ಯಾಡ. ನೀನೊಬ್ಬಾಕೇ ಅಲ್ಲ, ಆ ಕ್ಯಾಂಪಿನೋರು ಅಂತ ಯಾರ್ಯಾರು ಅದಾರ ಎಲ್ಲಾರೂ ಗಂಟು ಕಟ್ಟಾದು."

"ಕ್ಯಾಂಪಾ ಇಲ್ಲ ಅಂದ್ರೆಲ್ಲ ಸಾರ್," ಅಂದಳು ನರಸಕ್ಕ. "ಮತ್ತ ಕ್ಯಾಂಪಿನೋರು ಎಲ್ಲಿಂದ ಬಂದ್ರು?"

ಫೋನು ಕಟ್ಟಾಯಿತು.

ಕೊಟ್ರಮ್ಮ ತಲೆಯ ಮೇಲೆ ಕೈ ಹೊತ್ತು ಕುಸಿದು ಕೂತಳು. "ನನ್ನ ಮಗಳ ಹೊಟ್ಟಿ ಮ್ಯಾಲೆ ಹೊಡದೆಲ್ಲೇ. ಕೊಡ್ಸಿದಾಕಿ ನೀನಾ, ಕಸಕಂಡಾಕಿ ನೀನಾ. ನಿನ್ನ ಕೈ ಸೇದಿ ಹೋಗ್ಲಿ."

ಮಾರೇಶ ಕ್ಯಾಬಿನ್ನಿಗೆ ಹತ್ತಿದ. "ರಿವರ್ಸ್ ತಗಂಡೋಗ್ತೀನಿ ಕಣಕ್ಕ. ಇವತ್ತೊಂದಿನ ಬೇರೆ ಎಲ್ಲಾದ್ರೂ ಸುರೀತೀನಿ. ನಾಳೆ ಏನ್ ಹೇಳ್ತಾರೋ ನೋಡಾಣ."

ಆಗ ಹಿಂದಿನಿಂದ ಧೊಪ್ಪೆಂದು ಸದ್ದಾಯಿತು.

ಎಲ್ಲರೂ ತಿರುಗಿ ನೋಡಿದರು. ಟ್ಯಾಂಕರಿನ ಹಿಂದೆ, ಏರಿನ ಮೇಲ್ಭಾಗದಲ್ಲಿ, ಜುಂಜಮ್ಮ ನಿಂತಿದ್ದಳು. ತಲೆಯ ಮೇಲೆ ಸಿಂಬಿ, ಕೈಯಲ್ಲಿ ಖಾಲಿ ಬುಟ್ಟಿ. ಕಾಲ ಬಳಿ ಅವಳು ಸುರಿದ ಕಲ್ಲು. ಅದಿರು ತೆಗೆದು ಉಳಿದದ್ದನ್ನು ಗಣಿಯವರು ಗುಡ್ಡದಂತೆ ಒಟ್ಟಿ ಹೋಗಿದ್ದ ಕಲ್ಲಿನ ರಾಶಿ ಅಲ್ಲೇ ಪಕ್ಕದಲ್ಲಿತ್ತು.

"ಮುಂದ ನಿಂತ್ರ ಹಿಂದಕ್ಕ ಹೋಗ್ತಾನ," ಅಂದಳು ಮುದುಕಿ, ಯಾರಿಗೂ ಅಲ್ಲದಂತೆ. "ನಾಳೆ ನಾವು ಮಲಗಿದಾಗ ಬರ್ತಾನ. ಹಿಂದ ಕಟ್ರಿ."

ಮತ್ತೆ ಬುಟ್ಟಿ ತುಂಬತೊಡಗಿದಳು.

ಮಂಡಿ ಸವೆದ ಮುದುಕಿ ಎರಡನೇ ಬುಟ್ಟಿ ಎತ್ತಲಾರದೆ ತಡವರಿಸಿದಳು. ಯರ್ರಪ್ಪ ಹೋಗಿ ಎತ್ತಿ ಹೊರಿಸಿದ. ಅಷ್ಟೇ ಸಾಕಾಯಿತು. ಹೆಂಗಸರು ಗುಡಿಸಲುಗಳಿಗೆ ಹೋಗಿ ಬುಟ್ಟಿ, ತಗಡು, ಹಳೆಯ ಜಲ್ಲಡೆ, ಸಿಕ್ಕಿದ್ದನ್ನು ತಂದರು. ಈ ಕೆಲಸ ಅವರಿಗೆ ಹೇಳಿಕೊಡಬೇಕಿರಲಿಲ್ಲ. ಒಬ್ಬಳು ತುಂಬುವುದು, ಒಬ್ಬಳು ಹೊರಿಸುವುದು, ಸಾಲು ಹಿಡಿದು ಹೋಗಿ ಸುರಿದು ಇನ್ನೊಂದು ಸಾಲಿನಲ್ಲಿ ಬರುವುದು. ಗಣಿಯಿದ್ದಾಗ ವರ್ಷಗಟ್ಟಲೆ ಹೀಗೇ ಹೊತ್ತಿದ್ದರು, ಬೇರೆಯವರ ಲಾರಿಗೆ. ನೆತ್ತಿಯ ಕೂದಲು ಉದುರಿ ಬೋಳಾದದ್ದು ಹಾಗೆಯೇ. ಹೆರುವ ದಿನದವರೆಗೂ ಹೊತ್ತವರಿದ್ದರು.

ಮಾರೇಶ ಕೆಳಗೆ ಹಾರಿದ. "ಅಜ್ಜೀ, ಬ್ಯಾಡ ಅಜ್ಜಿ. ಗಾಡಿ ಸಿಕ್ಕಾಕ್ಕೊಳ್ತದೆ. ನಾನೂ ಸಿಕ್ಕಾಕ್ಕೊಳ್ತೀನಿ."

"ನೀ ನಡಕಂಡು ಹೋಗಾಕ ದಾರಿ ಬಿಟ್ಟೀವಪಾ," ಅಂದಳು ಜುಂಜಮ್ಮ. "ಗಾಡಿಗೆ ಬಿಡಂಗಿಲ್ಲ."

ಕಲ್ಲು ಬಿದ್ದವು. ಮೊಣಕಾಲೆತ್ತರ, ಸೊಂಟದೆತ್ತರ. ಕೆಂಪು ಧೂಳೆದ್ದು ಹೆಂಗಸರ ಬೆವರಿಗೆ ಮೆತ್ತಿಕೊಂಡಿತು. ನರಸಕ್ಕ ಮುಂದಿನ ಕಡೆ ಕಟ್ಟಿದಳು. ದಾರ ಕತ್ತರಿಸಿ ಜೋಮು ಹಿಡಿದಿದ್ದ ಬೆರಳುಗಳು ಮೊದಲು ಕಲ್ಲನ್ನು ಹಿಡಿಯಲೊಲ್ಲದೆ ಜಾರಿಸಿದವು. ಒಂದು ಉಗುರು ಕಿತ್ತು ಬಂತು. ಆಮೇಲೆ ಹಿಡಿತ ಬಂತು.

ಬಹಳ ಹೊತ್ತಿನ ತನಕ ಕೊಟ್ರಮ್ಮ ಕೂತಲ್ಲೇ ಕೂತಿದ್ದಳು. ಆಮೇಲೆ ಎದ್ದಳು. ಎಲ್ಲಕ್ಕಿಂತ ದೊಡ್ಡ ಕಲ್ಲೊಂದನ್ನು ಹೊಟ್ಟೆಗೆ ಅವಚಿಕೊಂಡು ತಂದು ನರಸಕ್ಕನ ಕಾಲ ಹತ್ತಿರ ಎತ್ತಿಹಾಕಿದಳು.

"ನಿನ್ನ ಮ್ಯಾಗಿನ ಸಿಟ್ಟಿಗೆ ಹೊತ್ತೀನಿ. ತಿಳಕಾ."

"ತಿಳದೈತಿ ತಗಾ. ಇನ್ನೊಂದು ತಾ," ಅಂದಳು ನರಸಕ್ಕ.

ಹೊತ್ತು ಮುಳುಗುವ ಮೊದಲು ಟ್ಯಾಂಕರ್ ಎರಡು ಗೋಡೆಗಳ ನಡುವೆ ಸಿಕ್ಕಿಬಿದ್ದಿತ್ತು. ಹೊಟ್ಟೆ ತುಂಬ ವಿಷ, ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಮಾರೇಶ ಹೋಗಲಿಲ್ಲ. ಗಾಡಿ ಬಿಟ್ಟು ಹೋದರೆ ಅಲ್ಲಿ ಬೈಗುಳ, ಇದ್ದರೆ ಇಲ್ಲಿ. ಕ್ಯಾಬಿನ್ನಿನಲ್ಲಿದ್ದ ಅರ್ಧ ಬಾಟ್ಲಿ ನೀರನ್ನು ತಂದು ರಾಧಾಳ ಪಕ್ಕದಲ್ಲಿಟ್ಟು, ದೂರ ಹೋಗಿ ಕೂತ. ರಾಧಾ ಎರಡು ಗುಟುಕು ಕುಡಿದು ಕೊಟ್ರಮ್ಮನ ಮೊಮ್ಮಗನಿಗೆ ಕೊಟ್ಟಳು. ಅವನಿಂದ ಇನ್ನೊಂದು ಮಗುವಿಗೆ ಹೋಯಿತು. ಬಾಟ್ಲಿ ಖಾಲಿಯಾಯಿತು.

ಮಾರೇಶನಿಗೆ ಬಂದ ಫೋನನ್ನು ಅವನು ನರಸಕ್ಕನಿಗೆ ಕೊಟ್ಟ. ಬಾಲರಾಜು.

"ಧಣೇರು ಪೊಲೀಸಿಗೆ ಹೇಳಾಕತ್ತಾರ. ಗಾಡಿ ಅಡ್ಡಗಟ್ಟಿದ್ದು ಅಂತ ಕೇಸು ಹಾಕಿಸ್ತಾರ. ಜೈಲಿನಾಗ ಹೆರ್ತಾಳ ನಿನ್ನ ಮಗಳು."

ನರಸಕ್ಕ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು.

"ಹಾಕಸ್ರಿ ಸಾರ್. ಯಾವೂರು ಅಂತ ಬರಸ್ತೀರಿ? ಯಾವ ಸ್ಟೇಷನ್ನಿಗೆ ಬರ್ತತಿ ಇದು? ಯಾರ್ಯಾರ ಹೆಸ್ರು? ಎಲ್ಲಾ ಬರಸ್ರಿ. ಒಂದು ಮನಿನೂ ಬಿಡಬ್ಯಾಡ್ರಿ."

ಬಾಲರಾಜು ಬೈದ. ಅವ್ವನ ಹೆಸರೆತ್ತಿ, ಜಾತಿ ಹೆಸರೆತ್ತಿ ಬೈದ. ಅವಳು ಪೂರ್ತಿ ಕೇಳಿ ಫೋನನ್ನು ಮಾರೇಶನ ಕೈಗೆ ಕೊಟ್ಟಳು.

ಬಂಡೆಗಳ ಕಾವು ಇನ್ನೂ ಆರಿರಲಿಲ್ಲ. ಕಲ್ಲು ಹೊತ್ತವರ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಯಾರೂ ನೀರಿನ ಮಾತೆತ್ತಲಿಲ್ಲ. ಕೆಳಗೆ ಗುಂಡಿಯ ತುಂಬ ನೀರು, ಸಂಜೆಯ ಬೆಳಕಿನಲ್ಲಿ ನೀಲಿಯಾಗಿ, ಸುಮ್ಮನೆ ಬಿದ್ದಿತ್ತು. ಮಾರೇಶ ತಡೆಯಲಾರದೆ ಕೇಳಿದ.

"ಅಜ್ಜಿ, ಕುಡಿಯಾಕೆ ಒಂದ್ ಗುಟ್ಕು ನೀರೈತಾ?"

ಯಾರೂ ನಗಲಿಲ್ಲ. ಜುಂಜಮ್ಮ ಗುಂಡಿಯ ಕಡೆ ಕೈ ತೋರಿಸಿದಳು. ಅವನು ಮುಖ ತಿರುಗಿಸಿಕೊಂಡ.

ಅಷ್ಟರಲ್ಲಿ ಗುಡಿಸಲೊಳಗಿಂದ ಲೋಟದ ಸದ್ದು ಬಂತು. ನರಸಕ್ಕ ಓಡಿದಳು. ಮಧ್ಯಾಹ್ನ ಅವ್ವ ಚೆಲ್ಲಗೊಡದೆ ಇಟ್ಟುಕೊಂಡಿದ್ದ ಕೊಡ ಅಲ್ಲೇ ಇತ್ತು. ರಾಧಾ ಅದರ ಮುಂದೆ ಮಂಡಿಯೂರಿ ಕೂತು ಲೋಟ ಬಾಯಿಗೆತ್ತಿದ್ದಳು.

"ಬ್ಯಾಡ ಮಗಾ."

"ಒಂದಾ ಗುಟುಕುಬೇ. ಇಷ್ಟು ದಿನ ಕುಡದೀನಿ. ಇವತ್ತೊಂದು ಗುಟುಕಿಗೆ ಏನಾಗ್ತತಿ?"

ಬಸುರಿ ಬಾಯಾರಿ ಕೇಳಿದರೆ ಹಗೆಯವರೂ ಇಲ್ಲವೆನ್ನುವುದಿಲ್ಲ. ಆ ಪಾಪ ಏಳು ತಲೆಗೆ ಸುತ್ತಿಕೊಳ್ಳುತ್ತದೆಂದು ಜುಂಜಮ್ಮನೇ ಹೇಳುತ್ತಿದ್ದಳು. ನರಸಕ್ಕ ಮಗಳ ಕೈಯಿಂದ ಲೋಟ ಕಿತ್ತುಕೊಂಡಳು. ಕೊಡ ಎತ್ತಿದಳು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಈ ಸಲ ಅವಳು ರಟ್ಟೆ ಹಿಡಿಯಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನರಸಕ್ಕ ಕೊಡವನ್ನು ಅಂಗಳದಲ್ಲಿ ಬೋರಲು ಹಾಕಿದಳು. ಒಣ ಮಣ್ಣು ಅಷ್ಟನ್ನೂ ಸದ್ದಿಲ್ಲದೆ ಕುಡಿಯಿತು.

ರಾಧಾ ಹೊರಗೆ ಬಂದು ಒದ್ದೆ ನೆಲ ನೋಡಿದಳು. ಅಳಲಿಲ್ಲ. ಅಳುವಷ್ಟು ನೀರು ಮೈಯಲ್ಲಿರಲಿಲ್ಲವೇನೋ. ಅವ್ವನ ಪಕ್ಕದಲ್ಲಿ ಬಂದು ಗೋಡೆಗೆ ಒರಗಿ ಕೂತಳು. ಇಬ್ಬರೂ ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದರು. ಅಲ್ಲಿ ಇನ್ನೂ ಯಾವ ಬೆಳಕೂ ಕಾಣಿಸಿರಲಿಲ್ಲ.

"ಬರ್ತಾರೇನಬೇ ಅವರು?"

"ಬರ್ತಾರ."

"ನಾವು ಇಲ್ಲಿ ಸಾಯಾಕತ್ತೀವಿ ಅಂತ ಬರ್ತಾರೇನು?"

ನರಸಕ್ಕ ಮಗಳ ಹೊಟ್ಟೆಯ ಮೇಲೆ ತನ್ನ ನೆತ್ತರಾದ ಕೈಯಿಟ್ಟು ಕಾದಳು. ಒಳಗೆ ಏನೂ ಅಲುಗಲಿಲ್ಲ. ಕೈ ತೆಗೆಯಲಿಲ್ಲ ಅವಳು.

"ನಮಗಾಗಿ ಯಾಕ ಬರ್ತಾರ?" ಅಂದಳು. "ಗಾಡಿ ಅವರದೈತಲ್ಲ. ಗಾಡಿಗಾಗಿ ಬರ್ತಾರ."